ಟೊಳ್ಳು ಯಾರು, ಗಟ್ಟಿ ಯಾರು?

ಕಾಲೇಜಿನ ನಾಟಕ ಸ್ಪರ್ಧೆಗೆ ‘ತುಘಲಕ್’ ಆಡೋದಾ, ‘ಟೊಳ್ಳುಗಟ್ಟಿ’ ಆಡೋದಾ ಅಂತ ನಮ್ಮ ಗ್ಯಾಂಗ್‌ನಲ್ಲಿ ಜಗಳ. ವಿಜಯನಗರದಿಂದ ಕೆಂಗೇರಿಗೆ ಮೆಟ್ರೊದಲ್ಲಿ ಹೋಗಿಬರುತ್ತಾ ಎರಡನ್ನೂ ಓದಿ ಮುಗಿಸಿದೆ.

ಗಿರೀಶ ಕಾರ್ನಾಡರ ತುಘಲಕ್ (1964) ಭಾರೀ ಮಾತುಗಾರ. ಒಬ್ಬನೇ ಕೂತು ಚದುರಂಗದ ಸಮಸ್ಯೆ ಬಿಡಿಸುತ್ತಾನೆ. ಮನುಷ್ಯರನ್ನೂ ಕಾಯಿಗಳಂತೆ ನಡೆಸುವವನು ಅನ್ನುವ ಸುಳಿವು ಅಲ್ಲೇ ಸಿಗುತ್ತದೆ. ಅವನ ಮಾತು ಕೇಳುತ್ತಾ ಹೋದಂತೆ ಅವನು ಬಯಲಾಗುತ್ತಾನೆ.

ಟಿ.ಪಿ. ಕೈಲಾಸಂ ದಾರಿಯೇ ಬೇರೆ. ‘ಟೊಳ್ಳುಗಟ್ಟಿ’ಯಲ್ಲಿ ಓದಿನಲ್ಲಿ ಮುಂದಿರುವ ಪುಟ್ಟು ಒಂದು ಕಡೆ, ಮನೆಯವರ ಕಷ್ಟಕ್ಕೆ ಆಗುವ ಮಾಧು ಇನ್ನೊಂದು ಕಡೆ. ಮನೆಗೆ ಬೆಂಕಿ ಬೀಳುತ್ತದೆ. ಆಗ ಯಾರು ಏನು ಮಾಡುತ್ತಾರೆ ಅನ್ನುವುದೇ ಅವರ ಗುಣ.

ಅದನ್ನು ಓದುವಾಗ ಕಳೆದ ಸೆಮಿಸ್ಟರ್ ನೆನಪಾಯಿತು. ಮ್ಯಾಥ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಅಜ್ಜಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಅಮ್ಮ ಕೂಗಿದಾಗ ನಾನು ‘ಐದೇ ನಿಮಿಷ ಇರಮ್ಮಾ’ ಅಂದೆ. ಪಿಯುಸಿ ಫೇಲಾಗಿ ದಿನಾ ಬೈಸಿಕೊಳ್ಳುವ ತಮ್ಮ ಅಜ್ಜಿಯನ್ನು ಎತ್ತಿಕೊಂಡು ಆಟೊ ಹತ್ತಿದ. ನಾನು ಎದ್ದು ಬಂದಾಗ ಅವನ ಚಪ್ಪಲಿ ಬಾಗಿಲ ಹತ್ತಿರವೇ ಇತ್ತು. ಬರಿಗಾಲಲ್ಲೇ ಓಡಿದ್ದ.

ಆ ಪೇಪರ್‌ನಲ್ಲಿ ನನಗೆ 82 ಬಂತು. ಅಪ್ಪ ಮೈಸೂರು ಪಾಕ್ ತಂದರು. ಅಜ್ಜಿ ಮೊದಲ ತುಂಡನ್ನು ತಮ್ಮನ ಬಾಯಿಗಿಟ್ಟರು.

ಕೊನೆಗೆ ನಾವು ‘ಟೊಳ್ಳುಗಟ್ಟಿ’ಯನ್ನೇ ಆಡುತ್ತಿದ್ದೇವೆ. ಪುಟ್ಟು ಪಾತ್ರ ನನಗೇ ಬೇಕು ಅಂತ ಕೇಳಿ ತಗೊಂಡೆ. ಯಾಕೆ ಅಂತ ಗೆಳೆಯರಿಗೆ ಹೇಳಿಲ್ಲ. ನಾಟಕದ ದಿನ ತಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತೇನೆ.