ಒಂಟಿತನವನ್ನು ಅಳೆಯುವುದು ಹೇಗೆ?

ಆರೋಗ್ಯವಂತ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಎಂಬುದು ನಿಮಗೆ ಗೊತ್ತು. ಆದ್ದರಿಂದಲೇ ಉಷ್ಣತಾಮಾಪಕ 39 ತೋರಿಸಿದರೆ ಜ್ವರವಿದೆ ಎನ್ನುತ್ತೀರಿ. ಮನಸ್ಸು ಕುಗ್ಗಿದೆ ಎಂದು ತಿಳಿಯಲು ಇಂಥ ಮಾಪಕವುಂಟೇ? 2020ರಲ್ಲಿ ಕೋವಿಡ್-19 ಹರಡಿ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿದಾಗ ಸಂಶೋಧಕರ ಮುಂದೆ ಈ ಪ್ರಶ್ನೆ ಎದ್ದಿತು.

ಮನೋವಿಜ್ಞಾನದಲ್ಲಿ ಪ್ರಶ್ನಾವಳಿಗಳೇ ಮಾಪಕಗಳು. ಖಿನ್ನತೆಯನ್ನು ಗುರುತಿಸಲು ಬಳಸುವ ‘ಪಿ.ಎಚ್.ಕ್ಯೂ-9’ ಅವುಗಳಲ್ಲೊಂದು. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಆಸಕ್ತಿ, ಏಕಾಗ್ರತೆ ಮೊದಲಾದವು ಹೇಗಿದ್ದವು ಎಂಬ 9 ಪ್ರಶ್ನೆಗಳು ಅದರಲ್ಲಿವೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಅಂಕ 10 ಅಥವಾ ಹೆಚ್ಚಾದರೆ ವೈದ್ಯರ ತಪಾಸಣೆ ಅಗತ್ಯವೆಂದು ಅರ್ಥ. ಆದರೆ ಅಷ್ಟರಿಂದಲೇ ಕಾಯಿಲೆ ಇದೆಯೆಂದು ತೀರ್ಮಾನಿಸುವಂತಿಲ್ಲ.

ಈಗ ಯೋಚಿಸಿ. 2020ರ ಏಪ್ರಿಲ್‌ನಲ್ಲಿ ನೂರು ವಿದ್ಯಾರ್ಥಿಗಳಿಗೆ ಈ ಪ್ರಶ್ನೆಗಳನ್ನು ಕೇಳಿ, ಹಲವರ ಅಂಕ ಹೆಚ್ಚಿದ್ದರೆ ಅದಕ್ಕೆ ಸಾಂಕ್ರಾಮಿಕವೇ ಕಾರಣವೆನ್ನಬಹುದೇ? ಆಗದು. ಅವರು ಮೊದಲೂ ಹಾಗೆಯೇ ಇದ್ದಿರಬಹುದು; ಪರೀಕ್ಷೆಯ ಭಯವೂ ಇರಬಹುದು. ಹೋಲಿಕೆಗೆ ‘ಮೊದಲಿನ’ ಅಳತೆ ಬೇಕೇ ಬೇಕು.

ಸ್ವಿಟ್ಜರ್ಲೆಂಡಿನಲ್ಲಿ ಅಂಥ ಅಳತೆ ಇತ್ತು. ಟಿಮನ್ ಎಲ್ಮರ್ ಮತ್ತು ಸಂಗಡಿಗರು 2018ರಿಂದಲೇ ಪದವಿ ವಿದ್ಯಾರ್ಥಿಗಳ ಗೆಳೆತನ ಮತ್ತು ಮಾನಸಿಕ ಆರೋಗ್ಯವನ್ನು ದಾಖಲಿಸುತ್ತಿದ್ದರು. ಸಾಂಕ್ರಾಮಿಕ ಬಂದಾಗ, 2020ರ ಏಪ್ರಿಲ್‌ನಲ್ಲಿ, ಅದೇ ವಿದ್ಯಾರ್ಥಿಗಳನ್ನು ಮತ್ತೆ ಪ್ರಶ್ನಿಸಿದರು. ಇಂಥ 212 ಮಂದಿಯ ಮಾಹಿತಿ ದೊರೆಯಿತು. ಸಂಕಷ್ಟವನ್ನು ಕಾಣದ ಹಿಂದಿನ ತಂಡದೊಂದಿಗೂ ಹೋಲಿಸಿದರು.

ಪ್ರತಿ ವಿದ್ಯಾರ್ಥಿಯೂ ಒಂದು ಬಿಂದು, ಪ್ರತಿ ಒಡನಾಟವೂ ಒಂದು ಗೆರೆ ಎಂದು ಚಿತ್ರ ಬರೆದುಕೊಳ್ಳಿ. ಒಟ್ಟಿಗೆ ಓದುವ ಗೆರೆಗಳು ವಿರಳವಾಗಿದ್ದವು. ಒಬ್ಬರೇ ಓದುವವರು ಹೆಚ್ಚಿದ್ದರು. ಒತ್ತಡ, ಆತಂಕ, ಒಂಟಿತನ ಮತ್ತು ಖಿನ್ನತೆಯ ಲಕ್ಷಣಗಳು ಮೊದಲಿಗಿಂತ ಹೆಚ್ಚಾಗಿದ್ದವು. ಗೆಳೆಯರ ಬಳಗದಿಂದ ದೂರವಾದವರಲ್ಲಿ, ಕಷ್ಟ ಹೇಳಿಕೊಳ್ಳಲು ಯಾರೂ ಇಲ್ಲದವರಲ್ಲಿ ಮನಸ್ಸು ಕುಗ್ಗುವುದು ಹೆಚ್ಚಾಗಿ ಕಂಡಿತು. ಚಿಂತೆಯ ವಿಷಯವೂ ಬದಲಾಗಿತ್ತು: ಆರೋಗ್ಯ, ಕುಟುಂಬ, ಭವಿಷ್ಯ.

ದೇಹದಲ್ಲಿ ಆಗುವುದೇನು? ಬೆದರಿಕೆ ಎದುರಾದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಅದು ಅಡ್ರಿನಲ್ ಗ್ರಂಥಿಯನ್ನೂ ಪ್ರಚೋದಿಸುತ್ತದೆ, ಕಾರ್ಟಿಸಾಲ್ ಸ್ರವಿಸುತ್ತದೆ. ಅಲ್ಪಕಾಲಕ್ಕೆ ಇದು ಉಪಕಾರಿ. ಬೆದರಿಕೆ ತಿಂಗಳುಗಟ್ಟಲೆ ಮುಂದುವರಿದರೆ ನಿದ್ರೆ, ನೆನಪು, ಉತ್ಸಾಹ ಕುಂದಬಹುದು. ಬೆಳಗಿನ ಬಿಸಿಲು, ಕಾಲೇಜಿಗೆ ನಡಿಗೆ, ಹೊತ್ತಿಗೆ ಸರಿಯಾದ ತರಗತಿ ಇವು ನಮ್ಮ ಜೈವಿಕ ಗಡಿಯಾರವನ್ನು ಸರಿಹೊಂದಿಸುತ್ತವೆ. ಕೊಠಡಿಯೊಳಗಿನ ವಾಸ ಅವನ್ನೂ ಕಸಿದುಕೊಂಡಿತು.

ಜಗತ್ತಿನಲ್ಲಿ ಸಾಂಕ್ರಾಮಿಕದ ಮೊದಲ ವರ್ಷ ಆತಂಕ ಮತ್ತು ಖಿನ್ನತೆ ಸುಮಾರು 25 ಶೇಕಡ ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತು. ಯುವಜನರು ಮತ್ತು ಮಹಿಳೆಯರು ಹೆಚ್ಚು ಬಾಧಿತರಾಗಿದ್ದರು.

ಅಧ್ಯಾಪಕರೇ, ನಿಮ್ಮ ವಿದ್ಯಾರ್ಥಿಯ ‘ಮೊದಲಿನ ಅಳತೆ’ ಇರುವುದು ನಿಮ್ಮ ನೆನಪಿನಲ್ಲಿ. ಸದಾ ಪ್ರಶ್ನೆ ಕೇಳುತ್ತಿದ್ದವಳು ಎರಡು ವಾರದಿಂದ ಮೌನವಾಗಿದ್ದಾಳೆಯೇ? ಗೆಳೆಯರ ನಡುವೆ ಇರುತ್ತಿದ್ದವನು ಒಬ್ಬನೇ ಕೂರುತ್ತಿದ್ದಾನೆಯೇ? ಕಾಯಿಲೆಯ ಹೆಸರಿಡುವುದು ನಿಮ್ಮ ಕೆಲಸವಲ್ಲ. ಬೇರೆಯವರಿಲ್ಲದಾಗ ಕರೆದು “ಹೇಗಿದ್ದೀಯ?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೇಳಿಸಿಕೊಳ್ಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾಗುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ವಿದ್ಯಾರ್ಥಿಗಳೇ, ನಿಮ್ಮ ಸುತ್ತಲಿನ ಬಿಂದುಗಳನ್ನು ಒಮ್ಮೆ ಗಮನಿಸಿ. ಗೆರೆಯಿಲ್ಲದೆ ಉಳಿದ ಬಿಂದು ಕಂಡರೆ, ಆ ಗೆರೆಯನ್ನು ನೀವೇ ಎಳೆಯಬಹುದು.