ರೈಫಲ್ ದೂರದರ್ಶಕದ ಅಳವಡಿಕೆ ಮತ್ತು ಮಟ್ಟಹೊಂದಿಕೆ

ರೈಫಲ್ ದೂರದರ್ಶಕದ ಅಳವಡಿಕೆ ಮತ್ತು ಮಟ್ಟಹೊಂದಿಕೆ ಎಂಬುದು ರೈಫಲ್ಲಿನ ಮೇಲೆ ದೂರದರ್ಶಕವನ್ನು (ಸ್ಕೋಪ್) ಭದ್ರವಾಗಿ ಕೂರಿಸಿ, ಅದರೊಳಗೆ ಕಾಣುವ ಲಂಬಗೆರೆಯು ಗುರುತ್ವಾಕರ್ಷಣೆಯ ದಿಕ್ಕಿಗೆ ಸರಿಯಾಗಿ ನಿಲ್ಲುವಂತೆ ಮಾಡುವ ಕಾರ್ಯವಾಗಿದೆ. ಇದರಲ್ಲಿ ಉಳಿದ ಸಣ್ಣ ಲೋಪವು 100 ಮೀಟರಿನ ಗುರಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. 1000 ಗಜಗಳ (914 ಮೀಟರ್) ದೂರದಲ್ಲಿ ಅದೇ ಲೋಪವು ಗುಂಡನ್ನು ಮಧ್ಯವೃತ್ತದ ಹೊರಗೆ ಕೊಂಡೊಯ್ಯಬಲ್ಲದು.

ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವಿಲ್ಲ. ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಅವರ ಹೆಸರಿನ ಇಂಗ್ಲಿಷ್ ಮೊದಲಕ್ಷರವನ್ನು ಪಡೆದ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿದೆ. ಅಲ್ಲಿ ಸ್ಪರ್ಧಿಗಳು ನೆಲದ ಮೇಲೆ ಮಲಗಿ, ಆಸರೆಯ ಮೇಲೆ ರೈಫಲ್ ಇರಿಸಿ, ದೂರದ ಗುರಿಗೆ ಹೊಡೆಯುತ್ತಾರೆ.

ವಾಲುವಿಕೆಯ ಪರಿಣಾಮ

ನಳಿಗೆಯಿಂದ ಹೊರಟ ಗುಂಡು ಸಾಗುತ್ತಲೇ ಕೆಳಗೆ ಬೀಳುತ್ತಿರುತ್ತದೆ. ಈ ಇಳಿತವನ್ನು ತುಂಬಲು ಸ್ಕೋಪಿನ ಎತ್ತರದ ತಿರುಪನ್ನು ತಿರುಗಿಸಲಾಗುತ್ತದೆ. ಇದರ ಅಳತೆಗೆ ಮಿಲ್ ಎಂಬ ಕೋನಮಾನವಿದೆ. 1 ಮಿಲ್ ಎಂದರೆ ದೂರದ ಸಾವಿರದಲ್ಲಿ ಒಂದು ಭಾಗ. 100 ಮೀಟರಿಗೆ ಹೊಂದಿಸಿದ ಸ್ಕೋಪನ್ನು 1000 ಗಜಗಳಿಗೆ ಏರಿಸಲು ಸುಮಾರು 10 ಮಿಲ್ ಬೇಕಾಯಿತೆನ್ನೋಣ. ಆ ದೂರದಲ್ಲಿ ಅದು 9.14 ಮೀಟರ್ ಎತ್ತರಕ್ಕೆ ಸಮ. ಲಂಬಗೆರೆಯು ಕೇವಲ 1 ಡಿಗ್ರಿ ವಾಲಿದ್ದರೆ ಈ ಎತ್ತರದ ಒಂದು ಪಾಲು ಪಕ್ಕಕ್ಕೆ ಸೋರಿಹೋಗಿ, ಗುಂಡು ಸುಮಾರು 16 ಸೆಂಟಿಮೀಟರ್ ಬದಿಗೆ ಬೀಳುತ್ತದೆ. ಅಮೆರಿಕದ ಎಫ್-ಕ್ಲಾಸ್ ದೂರಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10 ಅಂಗುಲ, ಎಂದರೆ ಕೇಂದ್ರದಿಂದ ಅಂಚಿಗೆ 12.7 ಸೆಂಟಿಮೀಟರ್ ಮಾತ್ರ. ಎತ್ತರದಲ್ಲಿ ಆಗುವ ನಷ್ಟವಾದರೋ ಒಂದೂವರೆ ಮಿಲಿಮೀಟರಿಗೂ ಕಡಿಮೆ.

ಅಡ್ಡ ತಿರುಪಿನಿಂದ ಇದನ್ನು ಸರಿಪಡಿಸಬಾರದೇ ಎಂಬ ಪ್ರಶ್ನೆ ಸಹಜ. ಒಂದೇ ದೂರಕ್ಕಾದರೆ ಸಾಧ್ಯ. ಆದರೆ 600 ಗಜಗಳಿಗೆ 4 ಮಿಲ್ ಸಾಕಾದರೆ ಅಲ್ಲಿ ಬೇಕಾಗುವ ತಿದ್ದುಪಡಿ 0.07 ಮಿಲ್, 1000 ಗಜಗಳಿಗೆ 0.17 ಮಿಲ್. ದೂರ ಬದಲಾದಂತೆ ತಪ್ಪೂ ಬದಲಾಗುವುದರಿಂದ ಹೊಡೆಯುವವನು ನಿರಪರಾಧಿಯಾದ ಗಾಳಿಯನ್ನು ದೂರುತ್ತಾನೆ.

ಇಲ್ಲಿ ಎರಡು ಬಗೆಯ ಓರೆಗಳನ್ನು ಬೇರ್ಪಡಿಸಿ ನೋಡಬೇಕು. ಹಲವರು ಎಡವುವುದು ಇಲ್ಲಿಯೇ. ಲಂಬಗೆರೆಯು ನೆಟ್ಟಗಿದ್ದು ರೈಫಲ್ಲಿನ ಮೈ ಮಾತ್ರ 3 ಡಿಗ್ರಿ ಓರೆಯಾಗಿದ್ದರೆ ಹಾನಿ ಅಲ್ಪ. ಸ್ಕೋಪು ನಳಿಗೆಗಿಂತ 5 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಳಿಗೆಯು 2.6 ಮಿಲಿಮೀಟರ್ ಪಕ್ಕಕ್ಕೆ ಸರಿದಂತಾಗುತ್ತದೆ. 100 ಮೀಟರಿಗೆ ಹೊಂದಿಸಿದ ಮೇಲೆ 1000 ಮೀಟರಿನಲ್ಲಿ ವ್ಯತ್ಯಾಸ ಸುಮಾರು 2.4 ಸೆಂಟಿಮೀಟರ್. ಲಂಬಗೆರೆಯೇ 3 ಡಿಗ್ರಿ ವಾಲಿದ್ದರೆ, ಅದೇ 10 ಮಿಲ್ ಏರಿಕೆಗೆ, 52 ಸೆಂಟಿಮೀಟರ್. ಆದುದರಿಂದ ಸ್ಕೋಪನ್ನು ಹೊಂದಿಸಬೇಕಾದುದು ಮೊದಲು ಗುರುತ್ವಾಕರ್ಷಣೆಗೆ, ಬಳಿಕ ರೈಫಲ್ಲಿಗೆ.

ಅಳವಡಿಕೆ

ಮೊದಲು ರೈಫಲ್ಲಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ಕೋಪನ್ನು ಹಿಡಿಯುವ ಉಂಗುರಗಳು ಸಾಮಾನ್ಯವಾಗಿ ಪಿಕಟಿನಿ ಹಳಿಯ ಮೇಲೆ ಕೂರುತ್ತವೆ. ಅಮೆರಿಕದ ನ್ಯೂಜೆರ್ಸಿಯ ಪಿಕಟಿನಿ ಶಸ್ತ್ರಾಗಾರದ ಹೆಸರು ಹೊತ್ತ ಈ ಹಳಿಯ ಅಳತೆಗಳನ್ನು ಅಲ್ಲಿನ ಸೇನೆ 1995ರಲ್ಲಿ ನಿಗದಿಪಡಿಸಿತು. ಉಂಗುರದ ವ್ಯಾಸವು ಸ್ಕೋಪಿನ ಕೊಳವೆಗೆ (25.4, 30 ಅಥವಾ 34 ಮಿಲಿಮೀಟರ್) ಸರಿಹೊಂದಿರಬೇಕು. ಕಣ್ಣಿಗೂ ಹಿಂಬದಿಯ ಮಸೂರಕ್ಕೂ ನಡುವೆ ಹಲವು ಸ್ಕೋಪುಗಳಲ್ಲಿ 8ರಿಂದ 10 ಸೆಂಟಿಮೀಟರ್ ಅಂತರ ಬೇಕು. ಇದನ್ನು ಹೊಡೆಯುವ ಭಂಗಿಯಲ್ಲಿ ಮಲಗಿಯೇ ನಿರ್ಧರಿಸಬೇಕು.

ಮಟ್ಟ ನೋಡಲು ರಸಮಟ್ಟವನ್ನು ತಿರುಪಿನ ಮುಚ್ಚಳದ ಮೇಲಿಡುವ ರೂಢಿಯಿದೆ. ಆದರೆ ಮುಚ್ಚಳಕ್ಕೂ ಒಳಗಿನ ಗೆರೆಗೂ ನಿಖರ ಹೊಂದಿಕೆ ಇರಲೇಬೇಕೆಂದಿಲ್ಲ. ಗಾರೆ ಕೆಲಸದವರ ತೂಗುಗುಂಡು ಇದಕ್ಕಿಂತ ನಂಬಿಕೆಗೆ ಅರ್ಹ, ಏಕೆಂದರೆ ಅದರ ದಾರವನ್ನು ನೆಟ್ಟಗೆ ನಿಲ್ಲಿಸುವುದು ಬಂದೂಕಿನ ಗುಂಡನ್ನು ಕೆಳಗೆಳೆಯುವ ಶಕ್ತಿಯೇ. ರೈಫಲ್ಲನ್ನು ಮಟ್ಟವಾಗಿ ಬಿಗಿದು, ದೂರದಲ್ಲಿ ಗಾಳಿಯಾಡದ ಕಡೆ ದಾರವನ್ನು ತೂಗುಬಿಟ್ಟು, ಸ್ಕೋಪಿನ ಮೂಲಕ ನೋಡುತ್ತಾ ಲಂಬಗೆರೆಯು ದಾರದೊಡನೆ ಒಂದಾಗುವವರೆಗೆ ಕೊಳವೆಯನ್ನು ತಿರುಗಿಸಬೇಕು.

ಉಂಗುರದ ತಿರುಪುಗಳನ್ನು ಒಂದು ಬದಿಯಿಂದಲೇ ಪೂರ್ತಿ ಬಿಗಿದರೆ ಕೊಳವೆ ತಿರುಗಿ, ಮಾಡಿದ ಕೆಲಸ ಹಾಳಾಗುತ್ತದೆ. ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ನಡುನಡುವೆ ದಾರವನ್ನು ಮತ್ತೆ ನೋಡಬೇಕು. ಬಿಗಿತವು ತಯಾರಕರು ಹೇಳಿದಷ್ಟೇ ಇರಲಿ. ಅತಿಯಾದರೆ ಕೊಳವೆ ನಜ್ಜುಗುಜ್ಜಾಗಬಹುದು. ಕೊನೆಗೆ, ಗೆರೆ ನೆಟ್ಟಗಿರುವಾಗಲೇ ಕೊಳವೆಗೆ ಒಂದು ಪುಟ್ಟ ರಸಮಟ್ಟವನ್ನು ಕೂಡಿಸಲಾಗುತ್ತದೆ. ಇಳಿಜಾರು ನೆಲದಲ್ಲಿ ಮಲಗಿದವನ ಕಣ್ಣು ಲಂಬವನ್ನು ಸುಲಭವಾಗಿ ತಪ್ಪು ತಿಳಿಯುವುದರಿಂದ ಪ್ರತಿ ಹೊಡೆತಕ್ಕೂ ಅದರ ಗುಳ್ಳೆಯನ್ನು ನೋಡುವುದು ಅಗತ್ಯ.

ಪರೀಕ್ಷೆ

100 ಮೀಟರ್ ದೂರದಲ್ಲಿ ಎತ್ತರವಾದ ಹಲಗೆಯೊಂದರ ಮೇಲೆ ತೂಗುಗುಂಡಿನ ನೆರವಿನಿಂದ ಲಂಬರೇಖೆ ಎಳೆಯಲಾಗುತ್ತದೆ. ಹಲಗೆಯ ಕೆಳತುದಿಯ ಬಿಂದುವಿಗೇ ಗುರಿಯಿಟ್ಟು, ಮೊದಲು ಹಾಗೆಯೇ, ಅನಂತರ ತಿರುಪನ್ನು 10 ಮಿಲ್ ಏರಿಸಿ ಹೊಡೆದರೆ ಎರಡನೆಯ ಗುಂಪು ಸರಿಯಾಗಿ 1 ಮೀಟರ್ ಮೇಲೆ, ರೇಖೆಯ ಮೇಲೆಯೇ ಬೀಳಬೇಕು. 1 ಡಿಗ್ರಿ ಓರೆಗೆ ಅದು ಸುಮಾರು 1.75 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಬಲಕ್ಕೆ ಸುರುಳಿಯಿರುವ ನಳಿಗೆಯ ಗುಂಡು ತನ್ನ ಸುತ್ತುವಿಕೆಯಿಂದಲೇ ದೂರದಲ್ಲಿ ಬಲಕ್ಕೆ ಜರುಗುತ್ತದೆ. ಇದನ್ನು ಸ್ಕೋಪಿನ ಓರೆಯೆಂದು ಭ್ರಮಿಸುವುದುಂಟು. 100 ಮೀಟರಿನಲ್ಲಿ ಆ ಜರುಗುವಿಕೆ ಗಣನೆಗೆ ಬಾರದಷ್ಟು ಕಡಿಮೆಯಿರುವುದರಿಂದ ಈ ಪರೀಕ್ಷೆಯನ್ನು ಅಷ್ಟು ಹತ್ತಿರದಲ್ಲೇ ಮಾಡಲಾಗುತ್ತದೆ.