ಕ್ಯಾನ್ಸರ್ ತರುತ್ತದೆಂದು ಹೆದರಿಸಿದ್ದ ವಿದ್ಯೆ

ಏಡ್ಸ್ ತರುವ ಎಚ್‌ಐವಿಯನ್ನೇ ಕ್ಯಾನ್ಸರ್ ರೋಗಿಗಳ ಮೈಗೆ ಬಿಡುತ್ತಾರಂತೆ, ನಿಜವೇ? ಕಾರ್-ಟಿ ಚಿಕಿತ್ಸೆಯ ಸುದ್ದಿ ಓದಿದವರೊಬ್ಬರ ಪ್ರಶ್ನೆ ಇದು. ಕಾಲುಭಾಗ ನಿಜ. ಈ ಚಿಕಿತ್ಸೆಯಲ್ಲಿ ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿರುವ ಸಿಡಿ19 ಪ್ರೋಟೀನನ್ನು ಪತ್ತೆಹಚ್ಚುವ ಜೀನನ್ನು ಅವಕ್ಕೆ ಸೇರಿಸಿ, ಪ್ರಯೋಗಾಲಯದಲ್ಲಿ ಹೆಚ್ಚಿಸಿ, ಮರಳಿ ರೋಗಿಗೇ ಏರಿಸುತ್ತಾರೆ. ಈ ಜೀನನ್ನು ಕೋಶದೊಳಕ್ಕೆ ಒಯ್ಯಲು ಹಲವು ಕಡೆ ಬಳಸುವುದು ಎಚ್‌ಐವಿಯಿಂದ ರೂಪಿಸಿದ ವಾಹಕವನ್ನು. ಅದು ಹಲ್ಲು ಕಿತ್ತ ಹಾವು. ತನ್ನಂಥ ಇನ್ನೊಂದನ್ನು ಹುಟ್ಟಿಸಲಾರದು.

ಆದರೆ ವೈರಸ್ಸನ್ನು ಹೀಗೆ ಬಳಸಿದರೆ ರೋಗ ಬಂದೀತೆಂಬ ಭಯಕ್ಕೆ ಅರ್ಧ ಶತಮಾನದ ವಯಸ್ಸಾಗಿದೆ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ ಬರ್ಗ್ ಅವರ ಪ್ರಯೋಗಾಲಯ, ಮಂಗಗಳ ಎಸ್‌ವಿ40 ವೈರಸ್ಸಿನ ಡಿಎನ್ಎಯನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸುವ ಯೋಚನೆಯಲ್ಲಿತ್ತು. ಹ್ಯಾಮ್‌ಸ್ಟರ್‌ಗಳಲ್ಲಿ ಗೆಡ್ಡೆ ಬರಿಸುವ ವೈರಸ್ ಅದು, ಇ. ಕೋಲಿಯೋ ನಮ್ಮ ಕರುಳಿನ ನಿವಾಸಿ. ಸುದ್ದಿ ತಿಳಿದ ರಾಬರ್ಟ್ ಪೊಲಾಕ್ ಎಂಬ ವಿಜ್ಞಾನಿ ನೇರ ಬರ್ಗ್‌ಗೇ ಫೋನ್ ಮಾಡಿ ಆಕ್ಷೇಪಿಸಿದರು. ಬರ್ಗ್ ಆ ಪ್ರಯೋಗ ಕೈಬಿಟ್ಟರು. 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ವಿಜ್ಞಾನಿಗಳು ಸೇರಿ ಸುರಕ್ಷತೆಯ ಕ್ರಮಗಳನ್ನು ಗೊತ್ತುಮಾಡಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಮರುವರ್ಷ ಕೇಂಬ್ರಿಜ್‌ನಲ್ಲಿ ನಡೆದ ಗಲಾಟೆ.

ಇಂಗ್ಲೆಂಡಿನದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್. ಹಾರ್ವರ್ಡ್ ಇಂಥ ಸಂಶೋಧನೆಗೆಂದೇ ಪ್ರಯೋಗಾಲಯ ಕಟ್ಟಲು ಹೊರಟಾಗ ಮೇಯರ್ ಆಲ್ಫ್ರೆಡ್ ವೆಲ್ಲೂಚಿ ವಿಜ್ಞಾನಿಗಳನ್ನು ನಗರಸಭೆಗೆ ಕರೆಸಿ, ಕ್ಯಾಮೆರಾಗಳೆದುರೇ ವಿಚಾರಿಸಿದರು. ಮೇಯರ್ ಪ್ರಚಾರಪ್ರಿಯ, ಹಾರ್ವರ್ಡ್ ಮೇಲೆ ಹಳೆಯ ಸಿಟ್ಟೂ ಇತ್ತು. ಇರಲಿ. ನಗರಸಭೆ ಅಪಾಯಕಾರಿ ಎನಿಸಿದ ಪ್ರಯೋಗಗಳಿಗೆ ತಾತ್ಕಾಲಿಕ ತಡೆ ಹಾಕಿ, ಊರಿನವರದೇ ಸಮಿತಿ ನೇಮಿಸಿತು. ಅದರಲ್ಲಿ ನರ್ಸ್ ಆಗಿದ್ದ ಕ್ರೈಸ್ತ ಸನ್ಯಾಸಿನಿ, ಇಂಧನ ತೈಲದ ವ್ಯಾಪಾರಿ, ಇಂಜಿನಿಯರ್ ಇದ್ದರು; ಜೀನ್ ಕತ್ತರಿಸುವ ವಿಜ್ಞಾನಿ ಒಬ್ಬರೂ ಇರಲಿಲ್ಲ. ನೂರು ಗಂಟೆಗೂ ಮಿಕ್ಕಿ ವಾದ-ಪ್ರತಿವಾದ ಕೇಳಿ 1977ರ ಆರಂಭದಲ್ಲಿ ಅವರು ಕೊಟ್ಟ ಸಲಹೆ: ಸಂಶೋಧನೆ ನಡೆಯಲಿ, ನಿಗಾ ಇನ್ನಷ್ಟು ಬಿಗಿಯಾಗಲಿ. ಬಯೋಟೆಕ್ ಕಂಪನಿಗಳು ಆ ಊರು ಬಿಟ್ಟು ಓಡಲಿಲ್ಲ. ನಿಯಮ ಸ್ಪಷ್ಟವಾಗಿದ್ದದ್ದೇ ಅನುಕೂಲವಾಗಿ ಅಲ್ಲೇ ಬೇರುಬಿಟ್ಟವು.

ಕಾರ್-ಟಿ ಬಂದಾಗ ನಮ್ಮಲ್ಲೂ ಅಂಥ ವಿಚಾರಣೆ ಬೇಕಿತ್ತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯದೂ ಬಂದಿದೆ. 2017ರಲ್ಲಿ ಅಮೆರಿಕದಲ್ಲಿ ಮೊದಲ ಕಾರ್-ಟಿಗೆ ಇಟ್ಟ ಬೆಲೆ 4,75,000 ಡಾಲರ್. ಅದರ ಮುಂದೆ ನಮ್ಮದು ಬಲು ಅಗ್ಗ, ನಮ್ಮ ಜೇಬಿಗೆ ಮಾತ್ರ ಅಲ್ಲ. ಪತ್ರಿಕೆಗಳಲ್ಲಿ 'ಪವಾಡ' ಎಂಬ ಶೀರ್ಷಿಕೆ. ಆದರೆ ಕಾರ್-ಟಿ ಸದ್ಯಕ್ಕೆ ಕೆಲವು ರಕ್ತದ ಕ್ಯಾನ್ಸರ್‌ಗಳ ಮದ್ದು. ಸ್ತನದ, ಶ್ವಾಸಕೋಶದ ಗೆಡ್ಡೆಗಳ ಮುಂದೆ ಇನ್ನೂ ತಿಣುಕುತ್ತಿದೆ.

ಅಂದಹಾಗೆ, ಹಳೆಯ ಭಯ ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದಲ್ಲಿ 27,000ಕ್ಕೂ ಹೆಚ್ಚು ಕಾರ್-ಟಿ ಡೋಸ್‌ಗಳನ್ನು ಕೊಟ್ಟಿದ್ದ 2023ರ ಕೊನೆಯ ಹೊತ್ತಿಗೆ, ಚಿಕಿತ್ಸೆಯ ನಂತರ ಟಿ-ಕೋಶಗಳಿಗೇ ಕ್ಯಾನ್ಸರ್ ತಗುಲಿದ 22 ಪ್ರಕರಣಗಳು ವರದಿಯಾಗಿದ್ದವು. ಅವುಗಳಲ್ಲಿ ಮೂರರಲ್ಲಿ, ಒಳಗೆ ಸೇರಿಸಿದ್ದ ಜೀನೇ ಗೆಡ್ಡೆಯಲ್ಲಿ ಸಿಕ್ಕಿತು. ಅಲ್ಲಿನ ಔಷಧ ನಿಯಂತ್ರಕರು ಚಿಕಿತ್ಸೆ ನಿಲ್ಲಿಸಲಿಲ್ಲ, ಲಾಭವೇ ಹೆಚ್ಚು ಎಂದರು. ಆದರೆ ಲೇಬಲ್ ಮೇಲೆ ಎಚ್ಚರಿಕೆ ಹಾಕಿಸಿ, ರೋಗಿಗಳನ್ನು ಜೀವನಪರ್ಯಂತ ಗಮನಿಸಬೇಕೆಂದರು. ಹಳ್ಳಿಯಿಂದ ಬಂದು, ಗುಣವಾಗಿ, ಮನೆಗೆ ಮರಳಿದ ನಮ್ಮ ರೋಗಿಯನ್ನು ಹದಿನೈದು ವರ್ಷದ ಮೇಲೂ ಹುಡುಕಿಕೊಂಡು ಹೋಗಿ ಪರೀಕ್ಷಿಸುವವರು ಯಾರು? ಎಚ್‌ಐವಿಯ ಪ್ರಶ್ನೆಗಿಂತ ಮೊದಲು ನಾನು ಕೇಳುವುದು ಇದನ್ನು.